ಒಂದು ಚರಣ, ಒಂದೇ ಬದಲಾವಣೆ: ಹಿತ್ತಾಳೆ ವಾದ್ಯಗಳಲ್ಲಿ ಕ್ರಿಸ್‌ಮಸ್ ಕ್ಯಾರಲ್

ಹಳೆಯ ಕ್ರಿಸ್‌ಮಸ್ ಹಾಡುಗಳನ್ನು ಟ್ರಂಪೆಟ್, ಹಾರ್ನ್, ಟ್ರೊಂಬೋನ್, ಟ್ಯೂಬಾಗಳಿಗೆ ಹೊಸದಾಗಿ ಹೊಂದಿಸುವುದು ಹೇಗೆ ಎಂಬ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಓದುವ ಮುನ್ನ ಒಂದು ಮಾತು. ಕೆಳಗೆ ಬರುವ ಸ್ವರಗಳ ಹೆಸರು, ಬೇರೆ ಹೇಳದಿದ್ದರೆ, ಪಿಯಾನೊದಲ್ಲಿ ಕೇಳಿಸುವ ಸ್ವರದ್ದು. ಟ್ರಂಪೆಟ್ ಎಂದರೆ ಬಿ ಫ್ಲ್ಯಾಟ್ ಟ್ರಂಪೆಟ್, ಹಾರ್ನ್ ಎಂದರೆ ಎಫ್ ಹಾರ್ನ್. ಇವರ ಪಾರ್ಟ್‌ನಲ್ಲಿ, ಅಂದರೆ ಅವರು ನೋಡಿ ನುಡಿಸುವ ಹಾಳೆಯಲ್ಲಿ, ಸ್ವರಗಳನ್ನು ಕೇಳಿಸುವುದಕ್ಕಿಂತ ಮೇಲೆ ಬರೆದಿರುತ್ತದೆ: ಟ್ರಂಪೆಟ್‌ಗೆ ಒಂದು ಸ್ವರ, ಹಾರ್ನ್‌ಗೆ ಒಂದು ಪಂಚಮದಷ್ಟು.

ಪ್ರ: ನಮ್ಮದು ಐದು ಜನರ ತಂಡ: ಎರಡು ಟ್ರಂಪೆಟ್, ಒಂದು ಹಾರ್ನ್, ಒಂದು ಟ್ರೊಂಬೋನ್, ಒಂದು ಟ್ಯೂಬಾ. ಹಾಡಿನ ಪುಸ್ತಕದಲ್ಲಿರುವ ನಾಲ್ಕು ದನಿಗಳನ್ನೇ (ಮೇಲಿನಿಂದ ಕೆಳಗೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್) ಹಂಚಿಕೊಂಡು ‘ಹಾರ್ಕ್! ದಿ ಹೆರಾಲ್ಡ್ ಏಂಜಲ್ಸ್ ಸಿಂಗ್’ ನುಡಿಸುತ್ತೇವೆ. ತಪ್ಪಿಲ್ಲ, ಆದರೆ ಮೂರನೇ ಚರಣಕ್ಕೆ ಬರುವಷ್ಟರಲ್ಲಿ ನಮಗೇ ಬೇಸರ. ಎಲ್ಲಿಂದ ಶುರು ಮಾಡಬೇಕು?

ಉ: ಮೊದಲು ಕೀ, ಅಂದರೆ ಹಾಡಿನ ಆಧಾರ ಶ್ರುತಿ, ಬದಲಾಯಿಸಿ. ಪುಸ್ತಕಗಳಲ್ಲಿ ಈ ಹಾಡು ಸಾಮಾನ್ಯವಾಗಿ ಜಿ ಅಥವಾ ಎಫ್ ಮೇಜರ್‌ನಲ್ಲಿರುತ್ತದೆ. ನಿಮ್ಮದು ಜಿ ಆಗಿದ್ದರೆ ಟ್ರಂಪೆಟ್‌ನವರು ಮೂರು ಶಾರ್ಪ್‌ಗಳ ಎ ಮೇಜರ್ ಓದುತ್ತಿದ್ದಾರೆ. ಒಂದು ಸ್ವರ ಇಳಿಸಿ ಎಫ್‌ಗೆ ತಂದರೆ ಟ್ರಂಪೆಟ್‌ಗೆ ಜಿ, ಹಾರ್ನ್‌ಗೆ ಸಿ, ಟ್ರೊಂಬೋನ್‌ಗೆ ಒಂದೇ ಫ್ಲ್ಯಾಟ್. ಎಲ್ಲರ ಬೆರಳೂ ಸಡಿಲವಾಗುತ್ತದೆ. ಅಂದಹಾಗೆ ಈ ರಾಗಕ್ಕೆ ಹಿತ್ತಾಳೆ ಹೊಸತಲ್ಲ. ಮೆಂಡೆಲ್ಸನ್ 1840ರಲ್ಲಿ ಲೈಪ್‌ಜಿಗ್‌ನಲ್ಲಿ, ಗುಟೆನ್‌ಬರ್ಗ್‌ನ ಮುದ್ರಣದ ನೆನಪಿನ ಉತ್ಸವಕ್ಕೆಂದು, ಗಂಡು ದನಿಗಳಿಗೂ ಹಿತ್ತಾಳೆ ವಾದ್ಯಗಳಿಗೂ ಬರೆದ ಕೃತಿಯಿಂದ ಬಂದದ್ದು ಇದು. ಕ್ರಿಸ್‌ಮಸ್ ಪದಗಳಿಗೆ ಇದನ್ನು ಹೊಂದಿಸಿದ್ದು ವಿಲಿಯಂ ಕಮಿಂಗ್ಸ್, 1855ರಲ್ಲಿ.

ಎರಡನೆಯದು ಹಂಚಿಕೆ. ಬಹುತೇಕ ತಂಡಗಳು ಸೊಪ್ರಾನೊ, ಆಲ್ಟೊ ದನಿಗಳನ್ನು ಎರಡು ಟ್ರಂಪೆಟ್‌ಗಳಿಗೆ ಕೊಟ್ಟು, ಟೆನರನ್ನು ಹಾರ್ನ್‌ಗೂ ಟ್ರೊಂಬೋನ್‌ಗೂ ಒಟ್ಟಿಗೆ ಹಚ್ಚಿ, ಬಾಸನ್ನು ಟ್ಯೂಬಾದಲ್ಲಿ ಒಂದು ಸ್ಥಾಯಿ ಕೆಳಗೆ ನುಡಿಸುತ್ತವೆ. ಇದರಲ್ಲಿ ಎರಡು ಎಡವಟ್ಟು. ಆಲ್ಟೊ ದನಿ ಟ್ರಂಪೆಟ್‌ನ ತಳದ ಭಾಗದಲ್ಲಿ ಸಿಕ್ಕಿಕೊಂಡು ಮಂಕಾಗುತ್ತದೆ. ಟ್ಯೂಬಾ ಮತ್ತು ಟೆನರ್ ನಡುವೆ ಎರಡು ಸ್ಥಾಯಿಯಷ್ಟು ಖಾಲಿ ಜಾಗ ಬಿದ್ದು, ಮೇಲೊಂದು ತಂಡ, ಕೆಳಗೊಂದು ತಂಡ ಎಂಬಂತೆ ಕೇಳಿಸುತ್ತದೆ. ಬದಲಿಗೆ ಹೀಗೆ ಮಾಡಿ: ಪುಸ್ತಕದ ಬಾಸ್ ಸಾಲನ್ನು ಬರೆದ ಸ್ಥಾಯಿಯಲ್ಲೇ ಟ್ರೊಂಬೋನ್‌ಗೆ ಕೊಡಿ, ಟೆನರ್ ಹಾರ್ನ್‌ಗೆ. ಟ್ಯೂಬಾ ಪ್ರತಿ ಸಾಲಿನ ಕೊನೆಯ ಎರಡು ಬಾರ್‌ಗಳಲ್ಲಿ (ತಾಳದ ಆವರ್ತಗಳಲ್ಲಿ) ಮಾತ್ರ ಒಂದು ಸ್ಥಾಯಿ ಕೆಳಗಿನಿಂದ ಬಂದು ಸೇರಲಿ. ಇಡೀ ಹೊತ್ತು ಗುಂಯ್‌ಗುಡುವ ಟ್ಯೂಬಾಕ್ಕಿಂತ, ಬೇಕಾದಲ್ಲಿ ಬಂದು ನೆಲ ಹಾಸುವ ಟ್ಯೂಬಾ ದೊಡ್ಡದಾಗಿ ಕೇಳಿಸುತ್ತದೆ.

ಮೂರನೆಯದು ಚರಣಗಳ ಯೋಜನೆ. ಹಿತ್ತಾಳೆಗೆ ಹಾಡಿನ ಪದಗಳಿಲ್ಲ, ಹಾಗಾಗಿ ಮೂರು ಚರಣ ಒಂದೇ ರೀತಿ ನುಡಿಸಿದರೆ ಕೇಳುವವರಿಗೆ ಒಂದೇ ಚರಣ ಮೂರು ಸಲ. ನಾವು ಹೇಳುವ ಸೂತ್ರ ಸರಳ: ಒಂದು ಚರಣಕ್ಕೆ ಒಂದೇ ಬದಲಾವಣೆ. ರಾಗ ಬೇರೆ ವಾದ್ಯಕ್ಕೆ ಹೋದರೆ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಹಾಗೇ ಇರಲಿ; ಕಾರ್ಡ್ ಬದಲಾದರೆ ರಾಗ ಅದೇ ವಾದ್ಯದಲ್ಲಿರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕೇಳುಗನಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಈ ಹಾಡಿಗೆ: ಮೊದಲ ಚರಣ ಹಾರ್ನ್ ಒಂದು ಸ್ಥಾಯಿ ಕೆಳಗೆ ರಾಗ ನುಡಿಸಲಿ, ಜೊತೆಗೆ ಟ್ರೊಂಬೋನ್ ಮತ್ತು ಟ್ಯೂಬಾ ಮಾತ್ರ. ಟ್ರಂಪೆಟ್‌ಗಳು ಬಾಯಿ ಮುಚ್ಚಿಕೊಂಡಿರಬೇಕು. ಇದು ಕಷ್ಟದ ಕೆಲಸ, ಆದರೂ ಆಗಬೇಕು. ಎರಡನೇ ಚರಣ ಮೇಲೆ ಹೇಳಿದ ಹಂಚಿಕೆಯಲ್ಲಿ ಪೂರ್ತಿ ತಂಡ. ಮೂರನೆಯದಕ್ಕೆ ಮುಂಚೆ ಕೀ ಏರಿಸಿ. ಅರ್ಧ ಸ್ವರ, ಒಂದು ಸ್ವರ ಏರಿಸುವುದು ಸವೆದುಹೋದ ದಾರಿ. ಎಫ್‌ನಿಂದ ಎ ಫ್ಲ್ಯಾಟ್‌ಗೆ ಹೋಗಿ ನೋಡಿ. ಎರಡನೇ ಚರಣದ ಕೊನೆಯ ಎಫ್ ಕಾರ್ಡ್‌ನಲ್ಲಿ ಹಾರ್ನ್ ಹಿಡಿದಿರುವ ಸಿ ಸ್ವರವನ್ನು ಬಿಡಬಾರದು, ಉಳಿದವರೆಲ್ಲ ನಿಲ್ಲಬೇಕು. ಎರಡು ಬೀಟ್ ಆ ಒಂಟಿ ಸಿ. ಆಮೇಲೆ ಅದರ ಸುತ್ತ ಎ ಫ್ಲ್ಯಾಟ್ ಕಾರ್ಡ್ ಪೂರ್ತಿಯಾಗಿ ಬಂದು ಕೂರುತ್ತದೆ. ಪಂಚಮವಾಗಿದ್ದ ಸ್ವರವೇ ಹೊಸ ಕೀಯಲ್ಲಿ ಗಾಂಧಾರವಾಗುವ ಆ ಕ್ಷಣಕ್ಕೆ ಬೇರೆ ಯಾವ ಸೇತುವೆಯೂ ಬೇಡ. ರಾಗದ ತುದಿ ಆಗ ಎಫ್, ಟ್ರಂಪೆಟ್‌ನವರು ಓದುವುದು ಸ್ಟಾಫ್‌ನ (ಸ್ವರ ಬರೆಯುವ ಐದು ಗೆರೆಗಳ) ಮೇಲೆ ಕುಳಿತ ಜಿ. ಅವರಿಗೆ ಕಷ್ಟವಲ್ಲ, ಆದರೆ ಜನ ಜೊತೆಗೆ ಹಾಡುತ್ತಿದ್ದರೆ ಅಷ್ಟು ಮೇಲೆ ಗಂಟಲು ಹೋಗುವುದಿಲ್ಲ. ಆಗ ಎಫ್‌ನಲ್ಲೇ ಮುಗಿಸಿ.

ಪ್ರ: ‘ಸೈಲೆಂಟ್ ನೈಟ್’ಗೆ ಹೊಸ ಹಾರ್ಮೊನಿ ಬರೆದೆ. ಜಾಸ್ ಕಾರ್ಡ್‌ಗಳನ್ನು ತುಂಬಿದೆ. ಕಾಗದದಲ್ಲಿ ಚೆನ್ನಾಗಿತ್ತು, ನುಡಿಸಿದಾಗ ಕೆಸರು. ಎಲ್ಲಿ ತಪ್ಪಿದೆ?

ಉ: ತಪ್ಪು ಕಾರ್ಡ್‌ಗಳಲ್ಲಿ ಇಲ್ಲದೆ ಇರಬಹುದು, ಅವುಗಳ ಸಂಖ್ಯೆಯಲ್ಲಿ ಇದ್ದೀತು. ಇದು 12 ಬಾರ್‌ಗಳ ಜೋಗುಳ. 1818ರ ಡಿಸೆಂಬರ್ 24ರಂದು ಓಬರ್ನ್‌ಡಾರ್ಫ್‌ನಲ್ಲಿ ಮೊದಲು ಕೇಳಿಸಿದ್ದು ಎರಡು ದನಿ ಮತ್ತು ಒಂದು ಗಿಟಾರ್‌ನಲ್ಲಿ. ರಾಗ ಕಟ್ಟಿದ ಫ್ರಾನ್ಜ್ ಗ್ರೂಬರ್ ಬಳಸಿದ್ದು ಹೆಚ್ಚುಕಡಿಮೆ ಮೂರೇ ಕಾರ್ಡ್. ಒಂದು ಬಾರ್‌ಗೆ ನಾಲ್ಕು ಕಾರ್ಡ್ ತುರುಕಿದರೆ ತೊಟ್ಟಿಲನ್ನು ಜಗ್ಗಿದಂತೆ.

ಐದೂ ದನಿಗಳನ್ನು ಅಲ್ಲಾಡಿಸುವ ಬದಲು ಒಂದೇ ದನಿಯನ್ನು ನಡೆಸಿ. ಬಿ ಫ್ಲ್ಯಾಟ್ ಮೇಜರ್‌ನಲ್ಲಿ, 6/8ರಲ್ಲಿ, ಮೊದಲ ನಾಲ್ಕು ಬಾರ್ ಹೀಗೆ. ರಾಗ ಒಂದನೇ ಟ್ರಂಪೆಟ್‌ನಲ್ಲಿ. ಓದುವ ಮೊದಲ ಸ್ವರ ಸ್ಟಾಫ್‌ನ ಎರಡನೇ ಗೆರೆಯ ಜಿ. ಟ್ಯೂಬಾ ಎರಡು ಬಾರ್ ಪೂರ್ತಿ ಬಿ ಫ್ಲ್ಯಾಟ್ ಹಿಡಿದು ನಿಲ್ಲಲಿ. ಟ್ರೊಂಬೋನ್ ಅರ್ಧ ಬಾರ್‌ಗೆ ಒಂದರಂತೆ ಇಳಿಯಲಿ: ಮಧ್ಯ ಸಿಯ ಕೆಳಗಿನ ಬಿ ಫ್ಲ್ಯಾಟ್, ಎ, ಎ ಫ್ಲ್ಯಾಟ್, ಜಿ. ಹಾರ್ನ್ ಟ್ರೊಂಬೋನ್‌ಗಿಂತಲೂ ಕೆಳಗೆ ಒಂದೇ ಎಫ್ ಹಿಡಿದಿರಲಿ (ಅವರ ಪಾರ್ಟ್‌ನಲ್ಲಿ ಮಧ್ಯ ಸಿ). ಎರಡನೇ ಟ್ರಂಪೆಟ್ ಸುಮ್ಮನಿರಲಿ. ಮೂರನೇ ಬಾರ್‌ನಲ್ಲಿ ಟ್ಯೂಬಾ ಸಿ, ಆಮೇಲೆ ಎಫ್. ಟ್ರೊಂಬೋನ್ ಜಿ, ಆಮೇಲೆ ಎಫ್. ಹಾರ್ನ್ ಇಳಿದು ಇ ಫ್ಲ್ಯಾಟ್ ಹಿಡಿದುಕೊಳ್ಳಲಿ. ನಾಲ್ಕನೇ ಬಾರ್‌ನಲ್ಲಿ ಟ್ಯೂಬಾ ಬಿ ಫ್ಲ್ಯಾಟ್, ಟ್ರೊಂಬೋನ್ ಎಫ್, ಹಾರ್ನ್ ಡಿ.

ಮೊದಲ ಅರ್ಧ ಬಾರ್‌ನಲ್ಲಿ ಕಾರ್ಡ್‌ನ ಮೂರನೇ ಸ್ವರವೇ ಇಲ್ಲ, ಟೊಳ್ಳು. ಅದು ಬೇಕೆಂದೇ. ರಾಗ ಡಿಗೆ ಇಳಿದಾಗ ಆ ಟೊಳ್ಳು ತಾನಾಗಿ ತುಂಬುತ್ತದೆ. ಎರಡನೇ ಬಾರ್‌ನ ಎ ಫ್ಲ್ಯಾಟ್ ಸಣ್ಣದೊಂದು ನೋವಿನಂತೆ ಕೇಳಿಸಿ, ಜಿಗೆ ಬಂದಾಗ ಶಮನವಾಗುತ್ತದೆ. ಮೂರನೇ ಬಾರ್‌ನ ಇ ಫ್ಲ್ಯಾಟ್ ನಾಲ್ಕನೆಯದರಲ್ಲಿ ಡಿಗೆ ಇಳಿಯುವುದೇ ಮನೆ ಸೇರಿದ ಭಾವ. ನಾಲ್ಕು ಬಾರ್‌ನಲ್ಲಿ ಹೊಸತೆಂದರೆ ಟ್ರೊಂಬೋನ್‌ನ ನಾಲ್ಕು ಸ್ವರಗಳು, ಅಷ್ಟೇ.

ಕೆಡುವುದೂ ಅಲ್ಲೇ. ಆ ನಾಲ್ಕು ಸ್ವರ ಟ್ರೊಂಬೋನ್‌ನ ಒಂದು, ಎರಡು, ಮೂರು, ನಾಲ್ಕನೇ ಪೊಸಿಶನ್‌ಗಳು (ಸ್ಲೈಡ್, ಅಂದರೆ ಜಾರುಕೊಳವೆ, ನಿಲ್ಲುವ ಜಾಗಗಳು), ಸಾಲಾಗಿ. ನಾಲಿಗೆ ಮುಟ್ಟಿಸದೆ ಎಳೆದರೆ ಸ್ವರದಿಂದ ಸ್ವರಕ್ಕೆ ಜಾರುವ ಸದ್ದು ಬಂದು ಜೋಗುಳ ಸರ್ಕಸ್ ಆಗುತ್ತದೆ. ಪ್ರತಿ ಸ್ವರಕ್ಕೂ ‘ದ’ ಎನ್ನುವಷ್ಟು ಮೆದುವಾಗಿ ನಾಲಿಗೆ ತಾಗಿಸಿ, ಸ್ಲೈಡನ್ನು ಕೊನೆಯ ಗಳಿಗೆಯಲ್ಲಿ ಚುರುಕಾಗಿ ಸರಿಸಬೇಕು. ಜೊತೆಗೆ, ಹೊಸ ಸಾಲು ತನ್ನದೆಂದು ಟ್ರೊಂಬೋನ್‌ನವರು ಜೋರು ಮಾಡುತ್ತಾರೆ. ರಾಗಕ್ಕಿಂತ ಒಂದು ಮೆಟ್ಟಿಲು ಮೆಲ್ಲಗೆ ಎಂದು ಪಾರ್ಟ್‌ನಲ್ಲೇ ಬರೆದುಕೊಡಿ, ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ.

ಪ್ರ: ‘ಗಾಡ್ ರೆಸ್ಟ್ ಯೂ ಮೆರಿ’ಯನ್ನು 7/8ರಲ್ಲಿ ನುಡಿಸುವುದನ್ನು ಕೇಳಿದ್ದೇವೆ. ನಾವು ಪ್ರಯತ್ನಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ.

ಉ: ಈ ರಾಗ ಏಳಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಚರಣದ ಬಾರ್‌ಗಳಲ್ಲಿ ಹೆಚ್ಚಿನವು ನಾಲ್ಕು ಸಮನಾದ ಕ್ರಾಚೆಟ್‌ಗಳು, ಅಂದರೆ ಒಂದೊಂದು ಬೀಟ್‌ನ ಸ್ವರಗಳು. ಪ್ರತಿ ಬಾರ್‌ನ ನಾಲ್ಕನೇ ಸ್ವರವನ್ನು ಮಾತ್ರ ಅರ್ಧಕ್ಕೆ ಕತ್ತರಿಸಿ ಕ್ವೇವರ್ ಮಾಡಿ. ಏಳು ಕ್ವೇವರ್‌ಗಳ ಬಾರ್ ಸಿಕ್ಕಿತು. ಬಾರ್‌ನ ಆ ಕೊನೆಯ ಸ್ವರ ಮೊಟಕಾದ್ದರಿಂದ ಮುಂದಿನ ಬಾರ್‌ನ ಮೊದಲ ಬೀಟ್ ಮೇಲೆ ಎಡವಿ ಬಿದ್ದಂತೆ ಓಡುತ್ತದೆ. ಆ ಓಟವೇ ಇದರ ರುಚಿ.

ತಂಡ ಹರಿದುಹೋಗುವುದು ಎಣಿಕೆಯಿಂದ. ‘ಒಂದು ಎರಡು ಮೂರು’ ಎಂದು ಏಳರವರೆಗೆ ಎಣಿಸಬೇಡಿ. ‘ತಕ ತಕ ತಕಿಟ’ ಎಂದು ಬಾಯಲ್ಲಿ ಹೇಳಿಸಿ, ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ ಚಪ್ಪಾಳೆ. ವಾದ್ಯ ಮುಟ್ಟುವ ಮೊದಲು ಹತ್ತು ನಿಮಿಷ ಇದೇ ನಡೆಯಲಿ. ಮೆಟ್ರೊನೋಮನ್ನು ಕ್ರಾಚೆಟ್‌ಗೆ ಇಟ್ಟರೆ ಎರಡನೇ ಬಾರ್‌ಗೇ ಅದು ನಿಮ್ಮ ವೈರಿ. ಕ್ವೇವರ್‌ಗೆ ಇಡಿ, ನಿಮಿಷಕ್ಕೆ 160ರಿಂದ ಶುರು ಮಾಡಿ 200ಕ್ಕೆ ಏರಿಸಿ. ಸಾಮಾನ್ಯ ರೋಗವೆಂದರೆ ಕೊನೆಯ ‘ತಕಿಟ’ವನ್ನು ಎರಡರ ಜಾಗದಲ್ಲಿ ತ್ರಿಪ್ಲೆಟ್‌ನಂತೆ ಹಿಂಡುವುದು, ಇಲ್ಲವೇ ಹಳೆಯ ಅಭ್ಯಾಸದಿಂದ ಎಂಟಕ್ಕೆ ಹಿಗ್ಗಿಸುವುದು. ಔಷಧಿ: ಎರಡನೇ ಟ್ರಂಪೆಟ್ ಸ್ಟ್ರೇಟ್ ಮ್ಯೂಟ್ (ವಾದ್ಯದ ಬಾಯಿಗೆ ತುರುಕಿ ಸದ್ದು ಬದಲಿಸುವ ಬಿರಡೆ) ಹಾಕಿಕೊಂಡು ಒಂದೇ ಸ್ವರದಲ್ಲಿ ಏಳೂ ಕ್ವೇವರ್ ಕುಟ್ಟುತ್ತಿರಲಿ, ಟ್ಯೂಬಾ 1, 3, 5ರ ಮೇಲೆ ಮಾತ್ರ.

ಡಿ ಮೈನರ್ ಒಳ್ಳೆಯ ಕೀ. ರಾಗ ಸಿಯಿಂದ ಮೇಲಿನ ಡಿಯವರೆಗೆ, ಒಂದು ಸ್ಥಾಯಿಗಿಂತ ಒಂದೇ ಸ್ವರ ಹೆಚ್ಚಿಗೆಯಲ್ಲಿ, ಮುಗಿಯುತ್ತದೆ. ಪಲ್ಲವಿಯನ್ನು ಮಾತ್ರ ಏಳಕ್ಕೆ ಎಳೆಯಬೇಡಿ. ‘ಓ ಟೈಡಿಂಗ್ಸ್’ ಬಂದಾಗ 4/4ಕ್ಕೆ ಮರಳಿ, ಕ್ವೇವರ್‌ನ ವೇಗ ಅದೇ ಇರಲಿ. ಕುಂಟುತ್ತ ಓಡಿದವನು ಒಮ್ಮೆಲೆ ನೆಟ್ಟಗೆ ನಡೆದಂತಾಗುತ್ತದೆ.

ಪ್ರ: ಕ್ಯಾನನ್ ಮಾಡಲು, ಅಂದರೆ ಒಬ್ಬರ ಹಿಂದೆ ಒಬ್ಬರು ಅದೇ ರಾಗ ನುಡಿಸಲು, ಯಾವ ಕ್ಯಾರಲ್ ಒಗ್ಗುತ್ತದೆ?

ಉ: ‘ಇನ್ ಡುಲ್ಚಿ ಯೂಬಿಲೊ’. ಬಾಖ್ ತನ್ನ ಆರ್ಗನ್ ಪುಟ್ಟ ಪುಸ್ತಕದಲ್ಲಿ (ಕೃತಿಸಂಖ್ಯೆ 608) ಇದನ್ನು ಒಂದು ಸ್ಥಾಯಿಯ ಅಂತರದ ಕ್ಯಾನನ್ ಆಗಿಯೇ ಹೆಣೆದಿದ್ದಾನೆ. ಟ್ರಂಪೆಟ್ ಮುಂದೆ, ಒಂದು ಸ್ಥಾಯಿ ಕೆಳಗೆ ಟ್ರೊಂಬೋನ್ ಹಿಂದೆ, ಕೆಳಗೆ ಟ್ಯೂಬಾ ಷಡ್ಜ ಹಿಡಿದಿರಲಿ. ಹಿಂದೆ ಬರುವವರು ಮುಂದಿನವರಿಗಿಂತ ಚೂರು ಜೋರಾಗಿ ನುಡಿಸಬೇಕು, ಇಲ್ಲದಿದ್ದರೆ ತಡವಾಗಿ ಸೇರಿಕೊಂಡ ತಪ್ಪಿನಂತೆ ಕೇಳಿಸುತ್ತದೆ. ಬೇರೆ ರಾಗಗಳನ್ನು ಪರೀಕ್ಷಿಸುವಾಗ ಬಾರ್‌ನ ಬಲವಾದ ಬೀಟ್‌ಗಳನ್ನಷ್ಟೇ ಒಂದರ ಕೆಳಗೊಂದು ಬರೆದು ನೋಡಿ. ಅಲ್ಲಿ ಹೊಂದಿದರೆ ನಡುವಿನ ತಿಕ್ಕಾಟ ಕಿವಿಗೆ ತಾಗುವುದಿಲ್ಲ.

ಪ್ರ: ಕೊನೆಯ ಕಾರ್ಡ್ ಹುಳಿಯಾಗಿ ಕೇಳಿಸುತ್ತದೆ. ಒಬ್ಬೊಬ್ಬರನ್ನೇ ಟ್ಯೂನರ್ ಮುಂದೆ ನಿಲ್ಲಿಸಿದರೆ ಎಲ್ಲರ ಮುಳ್ಳೂ ನಡುವೆಯೇ!

ಉ: ಮುಳ್ಳು ನಡುವೆ ಇರುವುದೇ ತೊಂದರೆ. ಟ್ಯೂನರ್ ಪಿಯಾನೊದ ಅಳತೆ ಹಿಡಿದಿದೆ. ನಿಂತು ಹಿಡಿದ ಮೇಜರ್ ಕಾರ್ಡ್ ತಿಳಿಯಾಗಬೇಕಾದರೆ ಅದರ ಮೂರನೇ ಸ್ವರ ಟ್ಯೂನರ್ ತೋರಿಸುವುದಕ್ಕಿಂತ 14 ಸೆಂಟ್ ಕೆಳಗಿರಬೇಕು (ಒಂದು ಸೆಂಟ್ ಎಂದರೆ ಅರ್ಧ ಸ್ವರದ ನೂರನೇ ಒಂದು ಭಾಗ). ಮೈನರ್ ಕಾರ್ಡ್‌ನಲ್ಲಾದರೆ 16 ಸೆಂಟ್ ಮೇಲೆ. ಪಂಚಮ ಕೇವಲ 2 ಸೆಂಟ್ ಮೇಲೆ, ಅದನ್ನು ಬಿಟ್ಟುಬಿಡಿ. ಹಾಗಾಗಿ ಕೊನೆಯ ಕಾರ್ಡ್‌ನಲ್ಲಿ ಮೂರನೇ ಸ್ವರ ಯಾರದು ಎಂದು ಗುರುತಿಸಿ, ಅವರ ಪಾರ್ಟ್‌ನಲ್ಲಿ ಆ ಸ್ವರದ ಮೇಲೆ ಕೆಳಮುಖ ಬಾಣ ಹಾಕಿ. ಅಭ್ಯಾಸ ಹೀಗೆ: ಮೊದಲು ಟ್ಯೂಬಾ ಷಡ್ಜ, ಅದರ ಮೇಲೆ ಟ್ರೊಂಬೋನ್ ಪಂಚಮ, ಅವೆರಡೂ ಒಂದೇ ದನಿಯಂತೆ ಬೆರೆತ ಮೇಲಷ್ಟೇ ಮೂರನೇ ಸ್ವರ, ಮೆಲ್ಲಗೆ. ಆ ಸ್ವರವನ್ನು ಇಬ್ಬರಿಗೆ ಕೊಡಬೇಡಿ.

ಇನ್ನೊಂದು ಕಳ್ಳ ಟ್ರಂಪೆಟ್‌ನ ತಳದ ಡಿ ಮತ್ತು ಸಿ ಶಾರ್ಪ್ (ಪಾರ್ಟ್‌ನಲ್ಲಿ ಬರೆದಂತೆ). ಒಂದನೇ ವಾಲ್ವ್ (ಬೆರಳಿನಿಂದ ಒತ್ತುವ ಗುಂಡಿ) ಕೊಳವೆಗೆ ಸುಮಾರು 12.2 ಶೇಕಡಾ ಉದ್ದ ಸೇರಿಸಬೇಕು, ಮೂರನೆಯದು 18.9. ಎರಡನ್ನೂ ಒತ್ತಿದಾಗ ಒಟ್ಟು 31.1 ಆಯಿತು, ಆದರೆ ಡಿಗೆ ಬೇಕಾದದ್ದು 33.5. ಸುಮಾರು 148 ಸೆಂಟಿಮೀಟರ್ ಕೊಳವೆಯಲ್ಲಿ ಮೂರೂವರೆ ಸೆಂಟಿಮೀಟರ್‌ನ ಕೊರತೆ. ಮೂರೂ ವಾಲ್ವ್ ಒತ್ತುವ ಸಿ ಶಾರ್ಪ್‌ಗೆ ಕೊರತೆ ಆರು ಸೆಂಟಿಮೀಟರ್ ದಾಟುತ್ತದೆ. ತಯಾರಕರು ಸ್ಲೈಡ್‌ಗಳನ್ನು ತುಸು ಉದ್ದ ಮಾಡಿ ಇದರಲ್ಲಿ ಒಂದಿಷ್ಟನ್ನು ಸರಿದೂಗಿಸಿರುತ್ತಾರೆ, ಪೂರ್ತಿ ಅಲ್ಲ. ಮೂರನೇ ವಾಲ್ವ್‌ನ ಉಂಗುರಕ್ಕೆ ಬೆರಳು ಹಾಕಿ ಸ್ಲೈಡನ್ನು ಹೊರದೂಡುವುದು ಇದಕ್ಕೇ. ಸ್ಲೈಡ್ ಅಂಟಿಕೊಂಡಿದ್ದರೆ ಗ್ರೀಸ್ ಬಳಿಯದೆ ಬೇರೆ ದಾರಿಯಿಲ್ಲ.

ಪ್ರ: ‘ಶ್ಚೆದ್ರಿಕ್’ ರಾಗವನ್ನು (ಕ್ಯಾರಲ್ ಆಫ್ ದಿ ಬೆಲ್ಸ್) ಹತ್ತು ಜನರ ತಂಡಕ್ಕೆ ಬರೆಯುತ್ತಿದ್ದೇನೆ. ಗಂಟೆಯ ಸದ್ದು ಬರುತ್ತಿಲ್ಲ, ಟ್ರಂಪೆಟ್‌ನವರು ಅರ್ಧ ದಾರಿಯಲ್ಲೇ ಸುಸ್ತು.

ಉ: ಸುಸ್ತಿನ ಮಾತು ಮೊದಲು. ಮಿಕೋಲಾ ಲೆಯೊಂತೊವಿಚ್ ಇದನ್ನು ಬರೆದದ್ದು ಗಾಯಕವೃಂದಕ್ಕೆ. ಕೀವ್‌ನಲ್ಲಿ 1916ರಲ್ಲಿ ಮೊದಲು ಹಾಡಿದ್ದು. ಬಿ ಫ್ಲ್ಯಾಟ್, ಎ, ಬಿ ಫ್ಲ್ಯಾಟ್, ಜಿ ಎಂಬ ನಾಲ್ಕೇ ಸ್ವರಗಳ ತುಣುಕು ಬಿಡುವಿಲ್ಲದೆ ತಿರುಗುತ್ತದೆ. ಗಾಯಕವೃಂದದಲ್ಲಿ ಉಸಿರನ್ನು ಕದ್ದು ತೆಗೆದುಕೊಳ್ಳಬಹುದು, ಒಂಟಿ ಟ್ರಂಪೆಟ್‌ಗೆ ಎಲ್ಲಿ ಸಂದು? ಇಬ್ಬರಿಗೆ ಹಂಚಿ, ಆದರೆ ಬಾರ್ ಗೆರೆಯಲ್ಲಿ ಕತ್ತರಿಸಬೇಡಿ. ಮೊದಲನೆಯವರು ತಮ್ಮ ಬಾರ್ ಮುಗಿಸಿ ಮುಂದಿನ ಬಾರ್‌ನ ಮೊದಲ ಬಿ ಫ್ಲ್ಯಾಟನ್ನೂ ನುಡಿಸಿ ಬಿಡಲಿ. ಎರಡನೆಯವರು ಅದೇ ಬಿ ಫ್ಲ್ಯಾಟ್‌ನಿಂದ ಶುರು ಮಾಡಲಿ. ಒಂದು ಸ್ವರದ ಈ ಮೇಲ್ಹೊದಿಕೆಯಿಂದ ಹೊಲಿಗೆ ಕಾಣುವುದಿಲ್ಲ. ಕತ್ತರಿಸಿ ಹಂಚಿದರೆ ಪ್ರತಿ ಬಾರ್‌ಗೂ ಕೂದಲೆಳೆಯಷ್ಟು ಕಂದಕ ಬೀಳುತ್ತದೆ, ಅದನ್ನು ಯಾವ ಅಭ್ಯಾಸವೂ ಮುಚ್ಚದು.

ಗಂಟೆಯ ಸದ್ದು ಇರುವುದು ಹೊಡೆತದಲ್ಲಲ್ಲ, ಹೊಡೆತದ ಮರುಗಳಿಗೆಯ ಇಳಿತದಲ್ಲಿ. ಸ್ವರಕ್ಕೆ ಜೋರು ಎಂದೂ ಅದರ ಬೆನ್ನಿಗೇ ಮೆಲ್ಲಗೆ ಎಂದೂ ಗುರುತು ಹಾಕಿ. ನಾಲಿಗೆ ಚುರುಕಾಗಿ ಬಿಟ್ಟು ಕೂಡಲೇ ಗಾಳಿ ಕಡಿಮೆ ಮಾಡಬೇಕು, ಸ್ವರ ಮಾತ್ರ ನಿಲ್ಲಬಾರದು. ಈಗ ಜಿ ಮೈನರ್ ಕಾರ್ಡನ್ನು ಒಂದೊಂದು ಬೀಟ್‌ಗೆ ಒಬ್ಬೊಬ್ಬರು ಮೇಲಿನಿಂದ ಕೆಳಗೆ ಹೀಗೆ ‘ಬಾರಿಸಿ’ ಹಿಡಿದುಕೊಳ್ಳಲಿ: ಡಿ, ಬಿ ಫ್ಲ್ಯಾಟ್, ಜಿ, ಕೆಳಗಿನ ಡಿ, ಕೊನೆಗೆ ಟ್ಯೂಬಾದ ಜಿ. ಮುಂದಿನವರ ಹೊಡೆತ ಕೇಳಿಸಬೇಕಾದರೆ ಹಿಂದಿನವರು ಇಳಿದಿರಬೇಕು. ಒಬ್ಬರು ಇಳಿಯದಿದ್ದರೂ ಗಂಟೆ ಹೋಗಿ ಬರೀ ಕಾರ್ಡ್ ಉಳಿಯುತ್ತದೆ.

ದೂರದ ಗಂಟೆಗೆ ಕಡ್ಡಿ ತೆಗೆದ ಹಾರ್ಮನ್ ಮ್ಯೂಟ್ ಸೊಗಸು. ಹಾರ್ಮನ್ ಮತ್ತು ಸ್ಟ್ರೇಟ್ ಮ್ಯೂಟ್ ಎರಡೂ ಶ್ರುತಿಯನ್ನು ತುಸು ಏರಿಸುತ್ತವೆ. ಟ್ಯೂನಿಂಗ್ ಸ್ಲೈಡನ್ನು ಎಷ್ಟು ಎಳೆಯಬೇಕೆಂದು ಮೊದಲೇ ಅಳೆದು ಪೆನ್ಸಿಲ್ ಗುರುತು ಮಾಡಿಕೊಳ್ಳಿ. ಹಾಕಲು, ತೆಗೆಯಲು ಈ ವೇಗದಲ್ಲಿ ಕನಿಷ್ಠ ನಾಲ್ಕು ಬಾರ್ ಖಾಲಿ ಬಿಡಿ. ಎರಡು ಬಾರ್ ಕೊಟ್ಟ ಸ್ಕೋರ್‌ಗಳಲ್ಲಿ ಮ್ಯೂಟ್ ನೆಲಕ್ಕೆ ಬೀಳುವ ಸದ್ದೇ ದೊಡ್ಡ ಗಂಟೆ. ಹಾಕುವ ಮೊದಲು ವಾದ್ಯದ ಬಾಯಿಯೊಳಗೆ ‘ಹಾ’ ಎಂದು ಒಮ್ಮೆ ಉಸಿರುಬಿಟ್ಟರೆ ತೇವಕ್ಕೆ ಕಾರ್ಕ್ ಕಚ್ಚಿ ಕೂರುತ್ತದೆ.

ಪ್ರ: ನಮ್ಮಲ್ಲಿ ಟ್ರಂಪೆಟ್‌ನವರೇ ಇಲ್ಲ. ಎರಡು ಯುಫೋನಿಯಂ (ಚಿಕ್ಕ ಟ್ಯೂಬಾದಂಥ ವಾದ್ಯ), ಎರಡು ಟ್ಯೂಬಾ. ಕ್ಯಾರಲ್ ನುಡಿಸಬಹುದೇ?

ಉ: ಧಾರಾಳವಾಗಿ. ನ್ಯೂಯಾರ್ಕ್‌ನ ರಾಕ್‌ಫೆಲರ್ ಸೆಂಟರ್‌ನ ಐಸ್ ರಿಂಕ್‌ನಲ್ಲಿ 1974ರಲ್ಲಿ ಹಾರ್ವಿ ಫಿಲಿಪ್ಸ್ ಬರೀ ಟ್ಯೂಬಾ, ಯುಫೋನಿಯಂಗಳನ್ನೇ ನೂರಾರು ಸೇರಿಸಿ ಕ್ಯಾರಲ್ ನುಡಿಸಿದರು. ಆ ರೂಢಿ ಇಂದಿಗೂ ‘ಟ್ಯೂಬಾ ಕ್ರಿಸ್‌ಮಸ್’ ಎಂಬ ಹೆಸರಿನಲ್ಲಿ ನಡೆದಿದೆ. ನಿಯಮ ಒಂದೇ: ಮಧ್ಯ ಸಿಯಿಂದ ಒಂದು ಸ್ಥಾಯಿ ಕೆಳಗಿನ ಸಿ ಇದೆಯಲ್ಲ, ಅದರ ಕೆಳಗೆ ಷಡ್ಜ-ಗಾಂಧಾರದಂಥ ಹತ್ತಿರದ ಜೋಡಿಗಳನ್ನು ಇಡಬೇಡಿ, ಗೊರಗೊರ ಎನ್ನುತ್ತದೆ. ತಳದಲ್ಲಿ ಷಡ್ಜ-ಪಂಚಮ ಅಥವಾ ಷಡ್ಜ-ಷಡ್ಜ ಮಾತ್ರ. ರಾಗ ಮೊದಲ ಯುಫೋನಿಯಂಗೆ, ಮೂರನೇ ಸ್ವರ ಎರಡನೆಯದಕ್ಕೆ. ಟ್ಯೂಬಾಗಳ ಸ್ವರಗಳನ್ನು ಬರೆದುದಕ್ಕಿಂತ ಚಿಕ್ಕದಾಗಿ ಕತ್ತರಿಸಿ ನುಡಿಸಿ, ನಡುವೆ ಗಾಳಿಯಾಡಬೇಕು.

ಪ್ರ: ಕೊರೆಯುವ ಚಳಿಯಲ್ಲಿ ಬಯಲಲ್ಲಿ ನುಡಿಸುವಾಗ ಇಡೀ ತಂಡದ ಶ್ರುತಿ ಇಳಿಯುತ್ತದೆ. ಜೊತೆಗಿರುವ ಕೀಬೋರ್ಡ್ ಮಾತ್ರ ಅಲ್ಲೇ ಇರುತ್ತದೆ.

ಉ: ತಣ್ಣನೆಯ ಗಾಳಿಯಲ್ಲಿ ಶಬ್ದ ನಿಧಾನ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್ ಓಡುವುದು 5 ಡಿಗ್ರಿಯಲ್ಲಿ ಸುಮಾರು 334. ಕೊಳವೆಯೊಳಗಿನ ಗಾಳಿ ಪೂರ್ತಿ ಅಷ್ಟು ತಣ್ಣಗಾದರೆ ಶ್ರುತಿ 46 ಸೆಂಟ್, ಅಂದರೆ ಅರ್ಧ ಸ್ವರದ ಅರ್ಧದಷ್ಟು, ಇಳಿಯುತ್ತದೆ. ಉಸಿರಿನ ಬಿಸಿ ಇದನ್ನು ಕಡಿಮೆ ಮಾಡುತ್ತದೆ, ಆದರೆ ಎಲ್ಲರಿಗೂ ಸಮನಾಗಿ ಅಲ್ಲ. ಟ್ರಂಪೆಟ್ ಬೇಗ ಬಿಸಿಯಾಗುತ್ತದೆ, ಟ್ಯೂಬಾ ಆಗುವುದೇ ಇಲ್ಲ. ಹಾಗಾಗಿ ಚಳಿಯಲ್ಲಿ ಟ್ಯೂಬಾಕ್ಕೆ ಟ್ರಂಪೆಟ್ ಹೊಂದಿಕೊಳ್ಳಬೇಕು. ಟ್ಯೂಬಾದ ಸ್ಲೈಡ್ ಪೂರ್ತಿ ಒಳಗೆ, ಟ್ರಂಪೆಟ್‌ನವರು ಅದಕ್ಕೆ ತಕ್ಕಂತೆ ಹೊರಗೆ ಎಳೆದುಕೊಳ್ಳಲಿ. ಎಲೆಕ್ಟ್ರಾನಿಕ್ ಕೀಬೋರ್ಡ್ ಆದರೆ ಅದರ ಟ್ಯೂನಿಂಗ್ ಅನ್ನೇ 440 ಹರ್ಟ್ಸ್‌ನಿಂದ ಕೆಳಗೆ ಇಳಿಸಿ; ಜಗಳ ಮುಗಿಯಿತು.

ಹಾಡುಗಳ ನಡುವೆ ಸದ್ದು ಮಾಡದೆ ವಾದ್ಯದೊಳಗೆ ಬಿಸಿ ಉಸಿರು ಬಿಡುತ್ತಿರಿ. ಮೌತ್‌ಪೀಸ್ ಜೇಬಿನಲ್ಲಿರಲಿ. ವಾಲ್ವ್‌ಗಳಿಗೆ ತೆಳುವಾದ ಎಣ್ಣೆ ಹಾಕಿ, ದಪ್ಪ ಎಣ್ಣೆ ಚಳಿಗೆ ಇನ್ನಷ್ಟು ಗಟ್ಟಿಯಾಗುತ್ತದೆ. ಸೊನ್ನೆಗಿಂತ ಕೆಳಗೆ ಹೋದರೆ ಕೊಳವೆಯೊಳಗಿನ ನೀರೇ ಹೆಪ್ಪುಗಟ್ಟಿ ವಾಲ್ವ್ ನಿಂತುಹೋಗುತ್ತದೆ, ಆದ್ದರಿಂದ ಪ್ರತಿ ಹಾಡಿನ ನಂತರ ನೀರು ಬಸಿಯಿರಿ. ಇಂಥ ಕಾರ್ಯಕ್ರಮಕ್ಕೆ ಉದ್ದನೆಯ ಮೆಲುದನಿಯ ಹೊಂದಿಕೆಗಳನ್ನು ಬರೆಯಲೇಬೇಡಿ. ಮರಗಟ್ಟಿದ ತುಟಿ ಮೊದಲು ಕೈಕೊಡುವುದು ಮೆಲ್ಲಗೆ ನುಡಿಸುವಾಗ.

ಪ್ರ: ಎರಡು ಗುಂಪುಗಳನ್ನು ಸಭಾಂಗಣದ ಎರಡು ತುದಿಗೆ ನಿಲ್ಲಿಸಿ ‘ಡಿಂಗ್ ಡಾಂಗ್ ಮೆರಿಲಿ’ ನುಡಿಸಿದೆವು. ಒಂದೂ ಕೂಡಿಬರಲಿಲ್ಲ.

ಉ: ಕೂಡಿಬರಲು ಸಾಧ್ಯವಿಲ್ಲ. 20 ಮೀಟರ್ ದಾಟಲು ಶಬ್ದಕ್ಕೆ ಸುಮಾರು 58 ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಒಂದು ಸೆಮಿಕ್ವೇವರ್ (ಕಾಲು ಬೀಟ್) 125 ಮಿಲಿಸೆಕೆಂಡ್. ಎದುರಿನವರನ್ನು ಕೇಳಿಸಿಕೊಂಡು ನುಡಿಸಿದರೆ ಹೆಚ್ಚುಕಡಿಮೆ ಅರ್ಧ ಸೆಮಿಕ್ವೇವರ್ ತಡ, ಅವರು ನಿಮ್ಮನ್ನು ಕೇಳಿ ಮತ್ತಷ್ಟು ತಡ. ಕಿವಿ ಮುಚ್ಚಿ ಕಣ್ಣು ತೆರೆಯಿರಿ: ನಡುವೆ ನಿಂತ ಒಬ್ಬರ ಕೈ ಮಾತ್ರ ನೋಡಬೇಕು. ಇದಕ್ಕಿಂತ ಮುಖ್ಯವಾಗಿ, ಬರವಣಿಗೆಯೇ ಬೇರೆ ಇರಬೇಕು. ವೆನಿಸ್‌ನ ಸೇಂಟ್ ಮಾರ್ಕ್ ಚರ್ಚಿನ ಎದುರುಬದುರು ಗ್ಯಾಲರಿಗಳಿಗೆ ಜೊವಾನ್ನಿ ಗಾಬ್ರಿಯೆಲಿ ಬರೆದ ಕೃತಿಗಳನ್ನು (1597ರ ಸಂಗ್ರಹದಲ್ಲಿ ಹಲವಿವೆ) ನೋಡಿ. ಒಂದು ಗುಂಪು ಹೇಳುತ್ತದೆ, ಇನ್ನೊಂದು ಉತ್ತರಿಸುತ್ತದೆ. ಒಟ್ಟಿಗೆ ಬರುವಲ್ಲಿ ಕಾರ್ಡ್‌ಗಳು ಅಗಲ, ನಡೆ ನಿಧಾನ. ನೀವು ‘ಗ್ಲೋರಿಯಾ’ದ ಜಾರುಬಂಡೆಯಂಥ ಕ್ವೇವರ್‌ಗಳನ್ನು ಎರಡೂ ಕಡೆ ಒಟ್ಟಿಗೆ ಕೊಟ್ಟಿರಬೇಕು. ಮೊದಲ ಬಾರ್ ಆಚೆ, ಎರಡನೆಯದು ಈಚೆ, ಮೂರನೆಯದು ಆಚೆ ಎಂದು ಹಂಚಿ. ಕೊನೆಯ ಉದ್ದ ಸ್ವರದಲ್ಲಷ್ಟೇ ಎಲ್ಲರೂ.

ಪ್ರ: ಹಳೆಯ ಕ್ಯಾರಲ್‌ಗಳಿಗೆ ಹಕ್ಕುಸ್ವಾಮ್ಯ ಇಲ್ಲ ತಾನೆ?

ಉ: ರಾಗಕ್ಕೆ ಇಲ್ಲದಿರಬಹುದು, ನೀವು ನಕಲು ಮಾಡಿದ ಹಾರ್ಮೊನಿಗೆ ಇರಬಹುದು. ಬ್ರಿಟಿಷ್ ಸಂಗೀತಗಾರ ಡೇವಿಡ್ ವಿಲ್‌ಕಾಕ್ಸ್ ತೀರಿಕೊಂಡದ್ದು 2015ರಲ್ಲಿ, ಅವರ ಹಕ್ಕಿನ ಅವಧಿ ಇನ್ನೂ ಮುಗಿದಿಲ್ಲ. ‘ಓ ಕಮ್ ಆಲ್ ಯೀ ಫೇಯ್ತ್‌ಫುಲ್’ನ ಕೊನೆಯ ಚರಣಗಳಿಗೆ ಎಲ್ಲರೂ ಕೇಳಿ ಬಲ್ಲ ಆ ಮೇಲುದನಿ, ಆ ಕಾರ್ಡ್‌ಗಳು ಅವರವು, ಜನಪದವಲ್ಲ. ‘ಶ್ಚೆದ್ರಿಕ್’ನ ರಾಗ ಮುಕ್ತ, ಇಂಗ್ಲಿಷ್ ಪದಗಳು 1936ರ ಪೀಟರ್ ವಿಲ್‌ಹೌಸ್ಕಿಯವು. ‘ಲಿಟಲ್ ಡ್ರಮ್ಮರ್ ಬಾಯ್’ ಹಳೆಯದೆಂದು ಎಲ್ಲರೂ ನಂಬಿದ್ದಾರೆ, ಅದು 1941ರದ್ದು. ರಾಗವನ್ನು ಹಳೆಯ ಮುದ್ರಣದಿಂದ ತೆಗೆದುಕೊಂಡು ಹಾರ್ಮೊನಿ ನೀವೇ ಬರೆದರೆ ಚಿಂತೆಯಿಲ್ಲ.

ಪ್ರ: ‘ಜಿಂಗಲ್ ಬೆಲ್ಸ್’ಗೆ ಗೆಜ್ಜೆಯಂಥ ಸ್ಲೇ ಬೆಲ್ಸ್ ಬೇಕೇ ಬೇಕೇ?

ಉ: ಬೇಕು, ಎಂಟು ಬಾರ್. ಅದಕ್ಕಿಂತ ಹೆಚ್ಚಾದರೆ ಅದರ ಚಿಲಿಪಿಲಿ ಟ್ರಂಪೆಟ್‌ನ ಮೇಲುಸ್ವರಗಳನ್ನೂ ನಾಲಿಗೆಯ ಸ್ಪಷ್ಟತೆಯನ್ನೂ ನುಂಗಿಹಾಕುತ್ತದೆ. ಪಲ್ಲವಿ ಮೊದಲ ಸಲ ಬಂದಾಗ ಇಟ್ಟುಕೊಂಡು, ಆಮೇಲೆ ಬಟ್ಟೆಯ ಮೇಲೆ ಮಲಗಿಸಿಬಿಡಿ. ಕೈಯಲ್ಲಿ ಹಿಡಿದುಕೊಂಡೇ ಕೂತರೆ ಮೆಲುದನಿಯ ಮುಂದಿನ ಹಾಡಿನಲ್ಲಿ ಅದು ತಾನಾಗಿಯೇ ನುಡಿಯುತ್ತದೆ.